ಮಾಜಿ ಸೈನಿಕ ಎಂದರೆ ಯಾರು? ಪಿಂಚಣಿ, ಆಸ್ಪತ್ರೆ ಮತ್ತು ಕಾಗದಪತ್ರ



ಪ್ರತಿ ವರ್ಷ ಡಿಸೆಂಬರ್ 7ರ ಹೊತ್ತಿಗೆ ನಮ್ಮ ಕಾಲೇಜಿಗೆ ಧ್ವಜ ದಿನದ ಚಿಕ್ಕ ಚಿಕ್ಕ ಕಾಗದದ ಬಾವುಟಗಳು ಬರುತ್ತವೆ. ಕೆಂಪು, ಕಡುನೀಲಿ, ತಿಳಿನೀಲಿ ಈ ಮೂರು ಬಣ್ಣಗಳು ಭೂಸೇನೆ, ನೌಕಾಪಡೆ, ವಾಯುಪಡೆಗಳ ಗುರುತು. 1949ರಿಂದ ನಡೆದುಬಂದ ಪದ್ಧತಿ ಇದು. ನೀವು ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟು ಬಾವುಟವನ್ನು ಎದೆಗೆ ಚುಚ್ಚಿಕೊಳ್ಳುತ್ತೀರಿ, ಸಂಜೆಯೊಳಗೆ ಅದು ಎಲ್ಲೋ ಬಿದ್ದುಹೋಗಿರುತ್ತದೆ. ಈ ಸಲ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ನಾನು ಕೇಳಿದೆ: "ಈ ದುಡ್ಡು ಯಾರಿಗೆ ಹೋಗುತ್ತದೆ?" "ಮಾಜಿ ಸೈನಿಕರಿಗೆ ಸರ್." "ಮಾಜಿ ಸೈನಿಕ ಅಂದರೆ ಯಾರು?" "ಮಿಲಿಟರಿಯಲ್ಲಿದ್ದು ಬಂದವರು ಸರ್." ಇಡೀ ತರಗತಿ ತಲೆಯಾಡಿಸಿತು.

ಆ ಉತ್ತರ ಮಾತಿನಲ್ಲಿ ಸರಿ, ಕಾನೂನಿನಲ್ಲಿ ಸಾಲದು. ಸೇನೆಯಲ್ಲಿದ್ದು ಬಂದವರೆಲ್ಲ ಮಾಜಿ ಸೈನಿಕರಲ್ಲ. ಮಾಜಿ ಸೈನಿಕರೆಲ್ಲರಿಗೂ ಸರ್ಕಾರಿ ಚಿಕಿತ್ಸೆಯ ಕಾರ್ಡ್ ಸಿಗುವುದಿಲ್ಲ. ಸಿಗಬೇಕಾದವರಿಗೂ ಒಂದು ಅಕ್ಷರದ ವ್ಯತ್ಯಾಸದಿಂದ ಅದು ವರ್ಷಗಟ್ಟಲೆ ತಪ್ಪಬಹುದು. ನಿಮ್ಮಲ್ಲಿ ಕೆಲವರ ಅಜ್ಜ, ತಂದೆ ಸೇನೆಯಲ್ಲಿದ್ದವರು. ಇನ್ನು ಕೆಲವರು ಪಿಯುಸಿ ಮುಗಿಸಿ ಸೇನೆಗೆ ಹೋಗಬೇಕೆಂದು ಬೆಳಿಗ್ಗೆ ಐದಕ್ಕೇ ಮೈದಾನದಲ್ಲಿ ಓಡುವುದನ್ನು ನಾನೇ ನೋಡಿದ್ದೇನೆ. ಈ ವಿಷಯ ಇಬ್ಬರಿಗೂ ಬೇಕು.

ಹೆಸರಿನ ಅರ್ಥ

‘ಮಾಜಿ ಸೈನಿಕ’ ಎಂಬ ಪದಕ್ಕೆ ಕೇಂದ್ರ ಸರ್ಕಾರ ತನ್ನ 1979ರ ಮರುನೇಮಕಾತಿ ನಿಯಮಗಳಲ್ಲಿ ಅರ್ಥ ಕೊಟ್ಟಿದೆ. ಅದಕ್ಕೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಅದರ ಸಾರ ಹೀಗಿದೆ. ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿ ಸೇವೆ ಮಾಡಿ ಪಿಂಚಣಿಯೊಂದಿಗೆ ನಿವೃತ್ತರಾದವರು ಮಾಜಿ ಸೈನಿಕರು. ಸೇವೆಯ ಕಾರಣದಿಂದ ಗಾಯಗೊಂಡು ಅಥವಾ ಕಾಯಿಲೆ ಬಿದ್ದು, ವೈದ್ಯಕೀಯ ಪಿಂಚಣಿ ಅಥವಾ ಅಂಗವೈಕಲ್ಯ ಪಿಂಚಣಿ ಪಡೆದು ಹೊರಬಂದವರೂ ಮಾಜಿ ಸೈನಿಕರೇ. ಒಪ್ಪಂದದ ಅವಧಿಯನ್ನು ಪೂರ್ತಿ ಮುಗಿಸಿ, ಪಿಂಚಣಿಯಿಲ್ಲದೆ ಗ್ರಾಚ್ಯುಟಿ ಮಾತ್ರ ಪಡೆದವರೂ ಈ ಪಟ್ಟಿಗೆ ಸೇರುತ್ತಾರೆ. ಆದರೆ ಆರೇಳು ವರ್ಷ ಸೇವೆ ಮಾಡಿ, ಮನೆಯ ತಾಪತ್ರಯ ಅಂತ ಸ್ವಂತ ಕೋರಿಕೆಯ ಮೇಲೆ ಪಿಂಚಣಿಯಿಲ್ಲದೆ ಬಿಟ್ಟು ಬಂದವರು ಸೇರುವುದಿಲ್ಲ. ದುರ್ನಡತೆಗಾಗಿ ವಜಾ ಆದವರೂ ಸೇರುವುದಿಲ್ಲ.

ಮನೆಯಲ್ಲಿ ಹಳೆಯ ಡಿಸ್ಚಾರ್ಜ್ ಬುಕ್ ಇದ್ದರೆ ಒಮ್ಮೆ ತೆರೆದು ನೋಡಿ. ಬಿಡುಗಡೆಯ ಕಾರಣ ಎಂದು ಅದರಲ್ಲಿ ಒಂದು ಸಾಲಿರುತ್ತದೆ. ಪದಕಗಳ ಪಟ್ಟಿಗಿಂತಲೂ ಆ ಒಂದು ಸಾಲಿನ ಮೇಲೆ ಆ ಕುಟುಂಬದ ಹಕ್ಕುಗಳು ಹೆಚ್ಚು ನಿಂತಿರುತ್ತವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡುತ್ತೇನೆ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಪಡೆಗಳು ಗೃಹ ಸಚಿವಾಲಯದ ಕೆಳಗೆ ಬರುತ್ತವೆ, ರಕ್ಷಣಾ ಸಚಿವಾಲಯದ ಕೆಳಗಲ್ಲ. ಗಡಿಯಲ್ಲಿ ಅದೇ ಚಳಿ, ಅದೇ ಗುಂಡು. ಆದರೂ ನಿವೃತ್ತಿಯ ನಂತರ ಅವರು ಬೇರೆ ವರ್ಗ. 2012ರಲ್ಲಿ ಗೃಹ ಸಚಿವಾಲಯ ಅವರಿಗೆ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲುವ ಮಕ್ಕಳಿದ್ದಾರೆ.

ಕೆಲಸ ಯಾರದು?

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಉದಾಹರಣೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸೇನೆ ಕೇಂದ್ರ ಪಟ್ಟಿಯ 2ನೇ ವಿಷಯ. ಭಾರತ ಸರ್ಕಾರ ಕೊಡುವ ಪಿಂಚಣಿಗಳೂ ಅದೇ ಪಟ್ಟಿಯಲ್ಲಿ 71ನೇ ವಿಷಯ. ಆದರೆ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯ 6ನೇ ವಿಷಯ. ಸೈನಿಕ ನಿವೃತ್ತನಾಗಿ ಬರುವುದು ದೆಹಲಿಗಲ್ಲ, ತನ್ನ ಊರಿಗೆ. ಅಲ್ಲಿ ಅವನಿಗೆ ಬೇಕಾದ ನಿವೇಶನ, ಕೆಲಸ, ಮಕ್ಕಳ ಸೀಟು ಎಲ್ಲವೂ ರಾಜ್ಯದ ಕೈಯಲ್ಲಿರುತ್ತವೆ.

ಹೀಗಾಗಿ ಎರಡೂ ಸರ್ಕಾರಗಳು ಸೇರಿದ ಒಂದು ವ್ಯವಸ್ಥೆ ಬೆಳೆದಿದೆ. ಅದರ ಬೇರು ಮೊದಲನೆಯ ಮಹಾಯುದ್ಧದಲ್ಲಿದೆ. ಯುದ್ಧ ಮುಗಿದ ಮೇಲೆ 1919ರಲ್ಲಿ ಸ್ಥಾಪನೆಯಾದ ಸೋಲ್ಜರ್ಸ್ ಬೋರ್ಡ್ 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು ಪಡೆಯಿತು. ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಶುರುವಾದದ್ದು 2004ರಲ್ಲಿ. ನಮ್ಮ ರಾಜ್ಯದಲ್ಲಿ ಈ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಬೆಂಗಳೂರಿನಲ್ಲಿ ಅದರ ಕೇಂದ್ರ ಕಚೇರಿ ಇದೆ. ಜಿಲ್ಲೆಗಳಲ್ಲಿಯೂ ಕಚೇರಿಗಳಿವೆ, ಕೆಲವು ಕಡೆ ಎರಡು ಮೂರು ಜಿಲ್ಲೆಗಳಿಗೆ ಸೇರಿ ಒಂದೇ ಕಚೇರಿ. ರಾಜ್ಯ ಸರ್ಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿಯೂ ಇದೆ.

ಪಿಂಚಣಿ: ದಯೆಯೋ ಹಕ್ಕೋ?

ಸಾಮಾನ್ಯ ಸಿಪಾಯಿಗೆ ಪಿಂಚಣಿ ಬರಬೇಕಾದರೆ ಕನಿಷ್ಠ 15 ವರ್ಷ ಸೇವೆ ಆಗಿರಬೇಕು, ಅಧಿಕಾರಿಗೆ 20 ವರ್ಷ. ಹದಿನೆಂಟಕ್ಕೆ ಸೇರಿದವನು ಮೂವತ್ತೈದರ ಆಸುಪಾಸಿಗೆ ಮನೆಗೆ ಬಂದುಬಿಡುತ್ತಾನೆ. ಪಂಚಾಯಿತಿ ಗುಮಾಸ್ತ ಅರವತ್ತರವರೆಗೆ ಸಂಬಳ ಎಣಿಸುವಾಗ, ಸಿಪಾಯಿಗೆ ಅರ್ಧ ವಯಸ್ಸಿನಲ್ಲೇ ಸಂಬಳ ನಿಲ್ಲುತ್ತದೆ. ಪಡೆ ಸದಾ ಯುವಕರಿಂದ ಕೂಡಿರಬೇಕು ಎಂಬುದು ದೇಶದ ಅಗತ್ಯ. ಆ ಅಗತ್ಯದ ಬೆಲೆಯನ್ನು ತೆರುವವನು ಸೈನಿಕ.

ಪಿಂಚಣಿಯನ್ನು ಸರ್ಕಾರದ ಔದಾರ್ಯವೆಂದು ನೋಡಬಾರದು, ಮಾಡಿದ ಸೇವೆಯಿಂದ ಸಂಪಾದಿಸಿದ ಹಕ್ಕು ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 14ನೇ ವಿಧಿಯನ್ನು ಓದುವಾಗ ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಿ. ಒಂದು ತಾರೀಖಿನ ಮೊದಲು ನಿವೃತ್ತರಾದವರು, ಆಮೇಲೆ ನಿವೃತ್ತರಾದವರು ಎಂದು ಪಿಂಚಣಿದಾರರನ್ನು ಎರಡು ಭಾಗ ಮಾಡಿದ್ದು ಸಮಾನತೆಗೆ ವಿರುದ್ಧ ಎಂದಿತು ಪೀಠ. ‘ಸಮಾನ ಶ್ರೇಣಿಗೆ ಸಮಾನ ಪಿಂಚಣಿ’ಯ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರ ಆದೇಶ 2015ರ ನವೆಂಬರ್‌ನಲ್ಲಿ ಹೊರಬಿತ್ತು, 2014ರ ಜುಲೈ 1ರಿಂದ ಅನ್ವಯವಾಯಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು. ಆ ವಿವಾದ ದೊಡ್ಡದು, ಅದಕ್ಕೆ ಬೇರೆ ಪಾಠವೇ ಬೇಕು.

ಸೈನಿಕ ತೀರಿಕೊಂಡರೆ ಕುಟುಂಬ ಪಿಂಚಣಿ ಬರುತ್ತದೆ. ಅದರಲ್ಲೂ ಮೂರು ಮೆಟ್ಟಿಲುಗಳಿವೆ. ಸಾಧಾರಣ ಸಾವಾದರೆ ಕೊನೆಯ ವೇತನದ ಶೇ. 30 (ಮೊದಲ ಕೆಲವು ವರ್ಷ ಶೇ. 50). ಸೇವೆಯ ಕಾರಣದಿಂದ ಆದ ಸಾವಿಗೆ ಶೇ. 60. ಯುದ್ಧ ಅಥವಾ ಅಂಥದೇ ಕಾರ್ಯಾಚರಣೆಯಲ್ಲಿ ಸತ್ತರೆ ಪೂರ್ತಿ ವೇತನದಷ್ಟು. ಒಂದೇ ಓಣಿಯ ಇಬ್ಬರು ವಿಧವೆಯರ ಕೈಗೆ ಬೇರೆ ಬೇರೆ ಮೊತ್ತ ಬರುವುದು ಈ ಮೆಟ್ಟಿಲುಗಳಿಂದಲೇ.

ಕಾಯಿಲೆ ಯಾರಿಂದ ಬಂತು?

ಇಲ್ಲಿ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಾನೂನು ಓದಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಧರಮವೀರ್ ಸಿಂಗ್ ಎಂಬ ಸೈನಿಕ 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದರು. ಸೇರುವಾಗ ಸೇನೆಯ ವೈದ್ಯರೇ ಪರೀಕ್ಷಿಸಿ ಆರೋಗ್ಯವಾಗಿದ್ದಾರೆ ಎಂದು ಬರೆದುಕೊಂಡಿದ್ದರು. ಸುಮಾರು ಒಂಬತ್ತು ವರ್ಷದ ಸೇವೆಯ ನಂತರ, 1994ರಲ್ಲಿ, ಅಪಸ್ಮಾರದ ಕಾರಣ ಅವರನ್ನು ಮನೆಗೆ ಕಳಿಸಲಾಯಿತು. ಶೇ. 20ರಷ್ಟು ಅಂಗವೈಕಲ್ಯ ಎಂದು ವೈದ್ಯಕೀಯ ಮಂಡಳಿ ಹೇಳಿತು. ಜೊತೆಗೆ, ಇದು ಮೈಯಲ್ಲೇ ಇದ್ದ ಕಾಯಿಲೆ, ಸೇನಾ ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಬರೆಯಿತು. ಆ ಒಂದು ವಾಕ್ಯದಿಂದ ಅಂಗವೈಕಲ್ಯ ಪಿಂಚಣಿ ತಪ್ಪಿತು.

ಅವರು ಹೈಕೋರ್ಟಿನಲ್ಲಿ ಒಮ್ಮೆ ಗೆದ್ದರು, ಸರ್ಕಾರದ ಮೇಲ್ಮನವಿಯಲ್ಲಿ ಸೋತರು. ಕೊನೆಗೆ 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ಕಾಯಿಲೆ ಇದೆ ಎಂದು ದಾಖಲೆಯಲ್ಲಿ ಬರೆದಿಲ್ಲವಾದರೆ ಆತ ಆರೋಗ್ಯವಾಗಿಯೇ ಇದ್ದ ಎಂದು ತಿಳಿಯಬೇಕು. ಆಮೇಲೆ ಬಂದ ಕಾಯಿಲೆಗೆ ಸೇವೆ ಕಾರಣವಲ್ಲ ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ವೈದ್ಯಕೀಯ ಮಂಡಳಿ ಕಾರಣ ಕೊಡದೆ ‘ಸಂಬಂಧವಿಲ್ಲ’ ಎಂದಷ್ಟೇ ಬರೆದರೆ ಸಾಲದು. ತೀರ್ಪಿನ ತಿರುಳು ಇಷ್ಟು. 1994ರಿಂದ 2013ಕ್ಕೆ ಎಷ್ಟು ವರ್ಷ ಎಂದು ನೀವೇ ಲೆಕ್ಕ ಹಾಕಿ. ನಿಮ್ಮಲ್ಲಿ ಹಲವರ ವಯಸ್ಸಿಗಿಂತ ಹೆಚ್ಚು. 2023ರಲ್ಲಿ ಸರ್ಕಾರ ಈ ವಿಷಯದಲ್ಲಿ ಹೊಸ ನಿಯಮಾವಳಿ ತಂದಿದೆ. ಅಲ್ಲಿಂದೀಚೆಗೆ ಬಿಡುಗಡೆ ಆದವರು ಅದನ್ನು ನೋಡಬೇಕು.

ಕೈ ಕಾಲು ಕಳೆದುಕೊಂಡವರಿಗಾಗಿ ಪುಣೆಯಲ್ಲಿ 1944ರಿಂದ ಕೃತಕ ಅಂಗ ಕೇಂದ್ರವಿದೆ. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದವರಿಗೆ ಅಲ್ಲೇ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರವಿದೆ. ಗಾಲಿಕುರ್ಚಿಯಲ್ಲಿ ಕುಳಿತೇ ಕೆಲಸ ಕಲಿತವರು, ಆಟೋಟಗಳಲ್ಲಿ ಪದಕ ಗೆದ್ದವರು ಅಲ್ಲಿದ್ದಾರೆ.

ಆಸ್ಪತ್ರೆಯ ಕಾರ್ಡ್

2003ಕ್ಕೆ ಮುಂಚೆ ನಿವೃತ್ತ ಸೈನಿಕನಿಗೆ ಕಾಯಿಲೆ ಬಂದರೆ ಮಿಲಿಟರಿ ಆಸ್ಪತ್ರೆಗೆ ಹೋಗಬೇಕಿತ್ತು. ಆದರೆ ಮಿಲಿಟರಿ ಆಸ್ಪತ್ರೆಗಳಿರುವುದು ದಂಡುಪ್ರದೇಶಗಳಲ್ಲಿ. ಬೆಂಗಳೂರು, ಬೆಳಗಾವಿಯವರಿಗೆ ಅನುಕೂಲ. ಬೇರೆ ತಾಲ್ಲೂಕುಗಳ ಹಳ್ಳಿಯವನು ಏನು ಮಾಡಬೇಕು? ಅಲ್ಲಿ ಹೋದರೂ ಮೊದಲ ಹಾಸಿಗೆ ಸೇವೆಯಲ್ಲಿರುವವರಿಗೆ. ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಎಲ್ಲರೂ ಅದನ್ನು ಇಸಿಎಚ್‌ಎಸ್ ಎಂದೇ ಕರೆಯುತ್ತಾರೆ.

ಇದರಲ್ಲಿ ಒಂದೇ ಸಲ ಹಣ ಕಟ್ಟಬೇಕು, ಜೀವಮಾನವಿಡೀ ಚಿಕಿತ್ಸೆ ಸಿಗುತ್ತದೆ. 2017ರ ಡಿಸೆಂಬರ್ ಕೊನೆಯಲ್ಲಿ ನಿಗದಿಯಾದ ಪ್ರಕಾರ ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಸುಬೇದಾರ್ ವರ್ಗಕ್ಕೆ 67,000, ಅಧಿಕಾರಿಗಳಿಗೆ 1,20,000. 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರು ಮತ್ತು ಯುದ್ಧ ವಿಧವೆಯರು ಏನನ್ನೂ ಕಟ್ಟಬೇಕಾಗಿಲ್ಲ. ಯೋಜನೆ ಶುರುವಾದ ಮೇಲೆ ನಿವೃತ್ತರಾಗುವವರಿಗೆ ಸದಸ್ಯತ್ವ ಕಡ್ಡಾಯ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಇಸಿಎಚ್‌ಎಸ್ ಸದಸ್ಯನಾಗಲು ಮಾಜಿ ಸೈನಿಕ ಆಗಿದ್ದರಷ್ಟೇ ಸಾಲದು, ಪಿಂಚಣಿ ಅಥವಾ ಕುಟುಂಬ ಪಿಂಚಣಿ ಬರುತ್ತಿರಬೇಕು. ಶಾರ್ಟ್ ಸರ್ವಿಸ್ ಅಧಿಕಾರಿಗಳಂಥ ಕೆಲವರಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಗ್ರಾಚ್ಯುಟಿ ಮಾತ್ರ ಪಡೆದ ಸಿಪಾಯಿ ಸರ್ಕಾರಿ ನೌಕರಿಯ ಮೀಸಲಾತಿಗೆ ಮಾಜಿ ಸೈನಿಕ, ಆದರೆ ಪಾಲಿಕ್ಲಿನಿಕ್‌ನ ಬಾಗಿಲಿನಲ್ಲಿ ಹೊರಗಿನವನು. ಅಂಥವರು ಬಡತನ ರೇಖೆಗಿಂತ ಕೆಳಗಿದ್ದರೆ ಎಲ್ಲರಂತೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನೇ ಮಾಡಿಸಿಕೊಳ್ಳಬೇಕು.

ದೇಶದಲ್ಲಿ ನಾನೂರಕ್ಕೂ ಹೆಚ್ಚು ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಿವೆ. ನಮ್ಮಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಮೊದಲಾದ ಕಡೆ ಇವೆ. ಅಲ್ಲಿನ ವೈದ್ಯರು ನೋಡಿ ಔಷಧಿ ಕೊಡುತ್ತಾರೆ. ದೊಡ್ಡ ಚಿಕಿತ್ಸೆ ಬೇಕಾದರೆ ರೆಫರಲ್ ಚೀಟಿ ಬರೆದು, ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ರೋಗಿ ಕೈಯಿಂದ ಹಣ ಕೊಡಬೇಕಾಗಿಲ್ಲ. ಹೆಂಡತಿ ಅಥವಾ ಗಂಡ, 25 ವರ್ಷದೊಳಗಿನ ಮದುವೆಯಾಗದ, ಕೆಲಸವಿಲ್ಲದ ಮಗ, ಮದುವೆಯಾಗುವವರೆಗೆ ಅಥವಾ ಕೆಲಸ ಸಿಗುವವರೆಗೆ ಮಗಳು, ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆಗಿಂತ ಕಡಿಮೆ ಇರುವ ತಂದೆತಾಯಿ, ಇವರೆಲ್ಲ ಸೇರುತ್ತಾರೆ. ವಿಧವೆಯಾಗಿ ಅಥವಾ ವಿಚ್ಛೇದನವಾಗಿ ತವರಿಗೆ ಮರಳಿ, ತಂದೆಯನ್ನೇ ಆಶ್ರಯಿಸಿರುವ ಮಗಳೂ ಸೇರುತ್ತಾಳೆ. ಎಷ್ಟೋ ಮನೆಗಳಿಗೆ ಈ ಕೊನೆಯ ಅಂಶ ಗೊತ್ತೇ ಇಲ್ಲ.

ರಾತ್ರಿ ಹೊತ್ತು ಎದೆನೋವು ಬಂದರೆ? ಆಗ ರೆಫರಲ್ ಚೀಟಿ ಬೇಡ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ ಕಾರ್ಡ್ ತೋರಿಸಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೊದಲು ನಾವೇ ಹಣ ಕಟ್ಟಬೇಕು. ಆದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಈ 48 ಗಂಟೆ ಎಂಬುದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ತಿಳಿಸಿ, ಬಿಲ್ಲುಗಳನ್ನು ಜೋಪಾನ ಮಾಡಿದರೆ ಸರ್ಕಾರಿ ದರದಲ್ಲಿ ಹಣ ವಾಪಸು ಕೇಳಬಹುದು. ಆಸ್ಪತ್ರೆ ಹಾಕಿದ ದರಕ್ಕೂ ಸರ್ಕಾರಿ ದರಕ್ಕೂ ಇರುವ ವ್ಯತ್ಯಾಸ ನಮ್ಮ ತಲೆಗೇ ಬೀಳುತ್ತದೆ.

ಯೋಜನೆ ಒಳ್ಳೆಯದು. ಹಾಗೆಂದು ಅದರ ಕುಂದುಗಳನ್ನು ಮುಚ್ಚಿಡಬೇಕಾಗಿಲ್ಲ. ಔಷಧಿಗಳ ಕೊರತೆಯನ್ನು ಮಹಾಲೇಖಪಾಲರೇ 2015ರ ವರದಿಯಲ್ಲಿ ಎತ್ತಿ ತೋರಿಸಿದ್ದಾರೆ. ಸರ್ಕಾರದಿಂದ ಬಿಲ್ಲು ಬರುವುದು ತಡವಾದಾಗ ಖಾಸಗಿ ಆಸ್ಪತ್ರೆಗಳು ಕಾರ್ಡ್ ಕಂಡೊಡನೆ ಹಾಸಿಗೆ ಖಾಲಿ ಇಲ್ಲ ಎನ್ನುವುದೂ ಉಂಟು. ನನ್ನ ಪ್ರಕಾರ ಇದಕ್ಕಿಂತಲೂ ದೊಡ್ಡ ತೊಂದರೆ ದೂರ. ಮೊಣಕಾಲು ನೋವಿನ ಎಪ್ಪತ್ತೈದರ ಮುದುಕ ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ಎರಡೂವರೆ ಗಂಟೆ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, ಮತ್ತೆ ಎರಡೂವರೆ ಗಂಟೆ ಬಸ್ಸಿನಲ್ಲಿ ಬರಬೇಕು. ಎರಡು ಸಲ ಹೋಗಿ ಬಂದವನು ಮೂರನೆಯ ಸಲ ಪಕ್ಕದ ಮೆಡಿಕಲ್ ಅಂಗಡಿಯಲ್ಲೇ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾನೆ.

‘ಬಿ’ ಮತ್ತು ‘ಬೇಗಂ’

ಕಾಗದಪತ್ರದ ಮಾತು ಬಂದಾಗ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಬೇಕು. ನನ್ನ ಮಾಮು, ಅಂದರೆ ತಾಯಿಯ ಅಣ್ಣ, ಸೇನೆಯಲ್ಲಿ 17 ವರ್ಷ ಇದ್ದು ನಾಯಕ್ ಆಗಿ ನಿವೃತ್ತರಾದವರು. ಕೊನೆಯ ಎರಡು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯಿತು. ಕಾರ್ಡ್ ಇದ್ದುದರಿಂದ ಒಂದು ರೂಪಾಯಿ ಕೊಡಲಿಲ್ಲ. ಆ ಕಾರ್ಡ್ ಇಲ್ಲದಿದ್ದರೆ ಮನೆ ಮಾರಬೇಕಾಗುತ್ತಿತ್ತು ಎಂದು ಅವರ ಮಗ ಇವತ್ತಿಗೂ ಹೇಳುತ್ತಾನೆ.

ಮಾಮು ತೀರಿಕೊಂಡ ಮೇಲೆ ಮುಮಾನಿಗೆ ಕುಟುಂಬ ಪಿಂಚಣಿ ಆಗಬೇಕಿತ್ತು. ಸೇನೆಯ ದಾಖಲೆಯಲ್ಲಿ ಅವರ ಹೆಸರಿನ ಕೊನೆಗೆ ‘ಬಿ’ ಇತ್ತು. ಆಧಾರ್ ಕಾರ್ಡಿನಲ್ಲಿ ‘ಬೇಗಂ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಹುಟ್ಟಿದ ವರ್ಷದಲ್ಲಿ ಆರು ವರ್ಷದ ವ್ಯತ್ಯಾಸ. ನಮ್ಮ ಅಜ್ಜಿಯರ ಕಾಲದ ಹೆಣ್ಣುಮಕ್ಕಳಿಗೆ ಹೆಸರು ಕರೆಯಲಿಕ್ಕೆ ಇತ್ತೇ ಹೊರತು ಬರೆಯಲಿಕ್ಕೆ ಇರಲಿಲ್ಲ. ಎಲ್ಲಿ ಯಾರು ಕೇಳಿದರೋ ಅಲ್ಲಿ ಅವರು ತೋಚಿದಂತೆ ಬರೆದುಕೊಂಡರು. ಕಂಪ್ಯೂಟರಿಗೆ ಮಾತ್ರ ಈ ಮೂವರೂ ಬೇರೆ ಬೇರೆ ಹೆಂಗಸರು.

"ನಿಕಾಹ್ ಆಗಿ ನಲವತ್ಮೂರು ವರ್ಷ ಆಯ್ತು ಬೇಟಾ. ಈಗ ನಾನು ಅವರ ಹೆಂಡತಿ ಅಂತ ನಾನೇ ಸಾಬೀತು ಮಾಡಬೇಕಂತೆ" ಎಂದರು ಮುಮಾನಿ. ನಿಕಾಹ್‌ನಾಮಾ ಉರ್ದುವಿನಲ್ಲಿತ್ತು. ಅದನ್ನು ಅನುವಾದ ಮಾಡಿಸಿ ನೋಟರಿ ಮಾಡಿಸಿದೆವು. ಮೂರೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿದೆವು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೃಢೀಕರಿಸಿ, ಮಾಮು ಇದ್ದ ಪಡೆಯ ರೆಕಾರ್ಡ್ಸ್ ಆಫೀಸಿಗೆ ಕಳಿಸಿದೆವು. ಅಲ್ಲಿ ದಾಖಲೆ ತಿದ್ದಿದ ಮೇಲೆ ಪ್ರಯಾಗರಾಜ್‌ನಲ್ಲಿರುವ ಪಿಂಚಣಿ ಲೆಕ್ಕ ಕಚೇರಿಯಿಂದ ತಿದ್ದುಪಡಿಯಾದ ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ, ಬರಬೇಕು. ಎಲ್ಲ ಸೇರಿ ಹದಿನಾಲ್ಕು ತಿಂಗಳು ಹಿಡಿಯಿತು. ಕುಟುಂಬ ಪಿಂಚಣಿ ಮಂಜೂರಾಗದೆ ಅವರ ಹೆಸರಿನ ಆಸ್ಪತ್ರೆ ಕಾರ್ಡ್ ಆಗುವಂತಿರಲಿಲ್ಲ. ಅಷ್ಟೂ ದಿನ ಇನ್ಸುಲಿನ್ ಅನ್ನು ಅಂಗಡಿಯಿಂದ ತಂದೆವು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಮಾನಿ ಮುಂದೂಡುತ್ತಲೇ ಹೋದರು. ಕೊನೆಗೆ ಬಾಕಿ ಹಣ ಒಟ್ಟಿಗೆ ಬಂತು, ಕಾರ್ಡೂ ಬಂತು. ಒಂದು ಕಣ್ಣಿನ ದೃಷ್ಟಿ ಮಾತ್ರ ಪೂರ್ತಿ ಮರಳಲಿಲ್ಲ.

ನಮ್ಮ ಅರ್ಜಿ ನೋಡಿದ ಗುಮಾಸ್ತರು ಸ್ವತಃ ಮಾಜಿ ಹವಾಲ್ದಾರರು. ಅವರು ಒಂದು ಮಾತು ಹೇಳಿದರು: "ಸರ್, ಯಜಮಾನರು ಬದುಕಿದ್ದಾಗ ಬಂದಿದ್ದರೆ ಇದು ಅವರ ಒಂದು ಸಹಿಯ ಕೆಲಸ." ಆದ್ದರಿಂದ ಮನೆಯಲ್ಲಿ ಪಿಂಚಣಿದಾರರಿದ್ದರೆ ಇವತ್ತೇ ಪಿಪಿಒ ತೆಗೆದು ನೋಡಿ. ಹಳೆಯ ಎಷ್ಟೋ ಪಿಪಿಒಗಳಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಅಜ್ಜಿಯ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತದೆಯೇ ನೋಡಿ. ಈಗ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರವನ್ನೂ ಅದರಲ್ಲೇ ಕೊಡಬೇಕು, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಅಜ್ಜನಿಗೆ ಬರದ ಈ ಕೆಲಸ ನಿಮಗೆ ಮೊಬೈಲಿನಲ್ಲಿ ಹತ್ತು ನಿಮಿಷದ್ದು.

ಬಾವುಟದ ದುಡ್ಡು

ಪಿಂಚಣಿಯೂ ಇಲ್ಲದ, ಕಾರ್ಡೂ ಇಲ್ಲದ ಬಡ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಧ್ವಜ ದಿನದ ನಿಧಿಯಿಂದ ಸಹಾಯ ಹೋಗುತ್ತದೆ. ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದವರಿಗೆ ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ ಅದು 8,000 ಆಗಿದೆ. ಇಬ್ಬರು ಮಕ್ಕಳ ಓದಿಗೆ ಕೊಡುವ ಸಹಾಯವೂ ತಲಾ 1,000ದಿಂದ 2,000ಕ್ಕೆ ಏರಿದೆ. ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ ಹಾಕಬೇಕು.

ಮೈದಾನದಲ್ಲಿ ಓಡುವವರಿಗೆ

2022ರ ಜೂನ್‌ನಲ್ಲಿ ಅಗ್ನಿಪಥ್ ಯೋಜನೆ ಬಂತು. ಈಗ ಸಿಪಾಯಿಯಾಗಿ ಸೇರುವವರಲ್ಲಿ ಬಹುತೇಕರು ಅಗ್ನಿವೀರರಾಗಿಯೇ ಸೇರುತ್ತಾರೆ. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000 ರೂಪಾಯಿ. ಅದರಲ್ಲಿ ಶೇ. 30 ಕಡಿತವಾಗಿ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೈಗೆ ಬರುತ್ತದೆ. ಶೇ. 25ರವರೆಗೆ ಮಂದಿಯನ್ನು ಕಾಯಂ ಮಾಡಿಕೊಳ್ಳುತ್ತಾರೆ. ಸೇವೆಯಲ್ಲಿರುವಾಗ ಸತ್ತರೆ 48 ಲಕ್ಷದ ವಿಮೆ ಇದೆ. ಸೇವೆಯ ಕಾರಣದಿಂದಾದ ಸಾವಾದರೆ 44 ಲಕ್ಷ ಪರಿಹಾರವೂ ಇದೆ. ಅಂಗವಿಕಲರಾದರೆ ಅದರ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ.

ಜಾಹೀರಾತಿನಲ್ಲಿ ಇವಿಷ್ಟೂ ದೊಡ್ಡ ಅಕ್ಷರದಲ್ಲಿರುತ್ತವೆ. ನಿಯಮಗಳ ಪುಟದಲ್ಲಿ ಇನ್ನೊಂದು ಸಾಲಿದೆ. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರನಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಸೌಲಭ್ಯ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಅವಧಿಯನ್ನು ಪೂರ್ತಿ ಮುಗಿಸಿದವನು ಮಾಜಿ ಸೈನಿಕ ಎಂದು ಮೇಲೆ ಓದಿದಿರಲ್ಲ, ಅಗ್ನಿವೀರನ ಮಟ್ಟಿಗೆ ಅದು ಅನ್ವಯವಾಗದಂತೆ ಮೊದಲೇ ಬರೆದಿಟ್ಟಿದ್ದಾರೆ.

ಮೊದಲ ತಂಡಗಳ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೆ ಮೀಸಲಾತಿ ಕೊಡುವುದಾಗಿ ಸರ್ಕಾರ 2022ರಲ್ಲೇ ಘೋಷಿಸಿದೆ. ಹೊರಬಂದ ಮೇಲೆ, ಇಪ್ಪತ್ತೈದು ಮೂವತ್ತು ವರ್ಷ ಕಳೆದು, ಬೆಟ್ಟದ ಚಳಿಯಲ್ಲಿ ಹಾಳಾದ ಮೊಣಕಾಲಿನ ನೋವು ಶುರುವಾದರೆ ಯಾವ ಪಾಲಿಕ್ಲಿನಿಕ್‌ಗೆ ಹೋಗಬೇಕು? ಈ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ. ಪಡೆಗೆ ಯುವಕರು ಬೇಕು, ಪಿಂಚಣಿಯ ಖರ್ಚು ಬೆಳೆಯುತ್ತಲೇ ಇದೆ ಎಂಬ ಸರ್ಕಾರದ ಮಾತಿನಲ್ಲಿ ಹುರುಳಿದೆ. ಆದರೂ ಚಿಕಿತ್ಸೆಯ ಕಾರ್ಡನ್ನಾದರೂ ಉಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ಚರ್ಚಾಕೂಟದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಿ.

ಸೇನೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವವನು ಸಹಿ ಹಾಕುವ ಮೊದಲು ಆ ಪುಟವನ್ನೂ ಓದಲಿ, ಮನೆಯವರಿಗೂ ಓದಿ ಹೇಳಲಿ. ಆ ನಾಲ್ಕು ವರ್ಷಗಳಲ್ಲಿ ದೂರಶಿಕ್ಷಣದ ಪದವಿಯನ್ನು ಕೈಗೆತ್ತಿಕೊಳ್ಳಲಿ. ಗಾಯವಾದರೆ, ಕಾಯಿಲೆಯಾದರೆ ಅದೇ ದಿನ ದಾಖಲಾಗಿದೆಯೇ ಎಂದು ನೋಡಿಕೊಳ್ಳಲಿ. ಧರಮವೀರ್ ಸಿಂಗರನ್ನು ಕಾಪಾಡಿದ್ದು ಸೇರುವಾಗಿನ ಒಂದು ದಾಖಲೆ.

ಈ ವರ್ಷ ಪಿಯುಸಿ ಮುಗಿಸುವ ಮಾಜಿ ಸೈನಿಕರ ಮಕ್ಕಳಿಗೆ

ಪ್ರಧಾನಮಂತ್ರಿಗಳ ವಿದ್ಯಾರ್ಥಿವೇತನ 2006-07ರಿಂದ ಇದೆ. ವರ್ಷಕ್ಕೆ 5,500 ಮಂದಿಗೆ ಸಿಗುತ್ತದೆ, ಅರ್ಧ ಹುಡುಗರು, ಅರ್ಧ ಹುಡುಗಿಯರು. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಪಿಯುಸಿಯಲ್ಲಿ ಶೇ. 60 ಇರಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಫಾರ್ಮ್, ಬಿಸಿಎ, ಬಿಬಿಎಯಂಥ ವೃತ್ತಿಪರ ಪದವಿಗಳಿಗೆ ಮಾತ್ರ, ಸಾಮಾನ್ಯ ಬಿ.ಎ., ಬಿ.ಕಾಂ.ಗೆ ಇಲ್ಲ. ಮೊದಲ ವರ್ಷದಲ್ಲಿ ಇರುವಾಗಲೇ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅರೆಸೇನಾ ಪಡೆಯವರ ಮಕ್ಕಳಿಗೆ ಗೃಹ ಸಚಿವಾಲಯದ ಪ್ರತ್ಯೇಕ ಅರ್ಜಿ ಇದೆ.

ಸಿಇಟಿ ಮೂಲಕ ಸೀಟು ಹಂಚುವಾಗ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗವಿದೆ. ಆನ್‌ಲೈನ್ ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು. ಇವಕ್ಕೆಲ್ಲ ಬೇಕಾಗುವ ಮಾಜಿ ಸೈನಿಕರ ಪ್ರಮಾಣಪತ್ರ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಿಗುತ್ತದೆ. ಡಿಸ್ಚಾರ್ಜ್ ಬುಕ್, ಪಿಪಿಒ ಮತ್ತು ನಿಮ್ಮ ಹತ್ತನೆಯ ತರಗತಿಯ ಅಂಕಪಟ್ಟಿ, ಇವುಗಳ ಮೂಲ ಮತ್ತು ನಕಲು ಎರಡನ್ನೂ ಜೊತೆಗಿಟ್ಟುಕೊಂಡು ಹೋಗಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆ ಎಂದು ಹೊರಡುವ ಮೊದಲೇ ನೋಡಿ. ಹೊಂದದಿದ್ದರೆ ನನ್ನ ಬಳಿ ಬನ್ನಿ. ಶನಿವಾರ ಕೊನೆಯ ಅವಧಿಯಲ್ಲಿ ಗ್ರಂಥಾಲಯದಲ್ಲಿ ಇರುತ್ತೇನೆ, ಅಫಿಡವಿಟ್‌ನ ಮಾದರಿ ನನ್ನ ಹತ್ತಿರ ಇದೆ.